ಆರನೆಯ ಸ್ಟಾರ್ಟರ್‌ನ ಲೆಕ್ಕ

ಅಮೆರಿಕದ ಒಂದು ಮೇಜರ್ ಲೀಗ್ ಬೇಸ್‌ಬಾಲ್ ತಂಡದಲ್ಲಿ ಆಟಗಾರರ ಪಟ್ಟಿ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಾಗ, ಪಂದ್ಯ ಆರಂಭಿಸುವ ಪಿಚರ್‌ಗಳನ್ನು, ಅಂದರೆ ಸ್ಟಾರ್ಟರ್‌ಗಳನ್ನು, ಸದಾ ಸಿದ್ಧವಾಗಿಡುವ ಲೆಕ್ಕ ನನ್ನ ಪಾಲಿಗೆ ಬಂತು. ಕ್ರಿಕೆಟ್ ನೋಡಿ ಬೆಳೆದ ನನಗೆ, ಒಮ್ಮೆ ನೂರರ ಹತ್ತಿರ ಚೆಂಡು ಎಸೆದವನು ಮುಂದಿನ ನಾಲ್ಕೈದು ದಿನ ಆಡುವುದಿಲ್ಲ ಎಂಬುದೇ ಮೊದಲಿಗೆ ವಿಚಿತ್ರವಾಗಿ ಕಂಡಿತ್ತು. ಆರು ತಿಂಗಳಲ್ಲಿ 162 ಪಂದ್ಯಗಳಿರುವಾಗ ಐವರ ಸರದಿ ಕೊನೆಯವರೆಗೆ ಕೆಡದೆ ಉಳಿಯುವುದು ತೀರ ಅಪರೂಪ. 2003ರಲ್ಲಿ ಸಿಯಾಟಲ್ ಮರಿನರ್ಸ್ ಐವರಿಂದಲೇ ಎಲ್ಲ ಪಂದ್ಯಗಳನ್ನೂ ಆರಂಭಿಸಿತ್ತು, ನಿಜ. ಆದರೆ ಆ ಅದೃಷ್ಟವನ್ನು ನೆಚ್ಚಿ ಯಾರೂ ಯೋಜನೆ ಹಾಕುವುದಿಲ್ಲ.

ಮೊದಲ ವರ್ಷ ನಾನು ಒಂಬತ್ತು ಹೆಸರು ಬರೆದುಕೊಂಡು ನಿಶ್ಚಿಂತನಾಗಿದ್ದೆ. ಜೂನ್‌ನ ಒಂದು ಬೆಳಿಗ್ಗೆ, ಅಂದು ಸಂಜೆ ಆಡಬೇಕಿದ್ದವನಿಗೆ ಮೊಣಕೈ ನೋವು ಕಾಣಿಸಿಕೊಂಡಾಗ ಪಟ್ಟಿ ತೆಗೆದು ನೋಡಿದರೆ, ಉಳಿದ ನಾಲ್ವರು ಸ್ಟಾರ್ಟರ್‌ಗಳು ವಿಶ್ರಾಂತಿಯಲ್ಲಿದ್ದರು. ನಮ್ಮ ಟ್ರಿಪಲ್-ಎ ತಂಡದ, ಅಂದರೆ ಮೇಜರ್ ಲೀಗ್‌ಗಿಂತ ಒಂದು ಹಂತ ಕೆಳಗಿನ ತಂಡದ, ಒಬ್ಬ ಹಿಂದಿನ ರಾತ್ರಿಯಷ್ಟೇ 95 ಚೆಂಡು ಎಸೆದಿದ್ದ. ಮತ್ತೊಬ್ಬನನ್ನು ನಾವೇ ಬುಲ್‌ಪೆನ್‌ಗೆ, ಅಂದರೆ ಪಂದ್ಯದ ನಡುವೆ ಬಂದು ಎಸೆಯುವ ಪಿಚರ್‌ಗಳ ಗುಂಪಿಗೆ, ಹಾಕಿದ್ದರಿಂದ ಅವನ ತೋಳಿಗೆ 40 ಚೆಂಡುಗಳಾಚೆ ಅಭ್ಯಾಸ ತಪ್ಪಿತ್ತು. ಇನ್ನಿಬ್ಬರು, ಮೇಜರ್ ಲೀಗ್‌ನಲ್ಲಿ ಆಡಲು ಇರಲೇಬೇಕಾದ 40 ಜನರ ಪಟ್ಟಿಯಲ್ಲೇ ಇರಲಿಲ್ಲ. ಆ ಪಟ್ಟಿ ತುಂಬಿದ್ದಾಗ ಹೊರಗಿನವನನ್ನು ಸೇರಿಸಬೇಕಾದರೆ ಒಬ್ಬನನ್ನು ಕೈಬಿಡಬೇಕು, ಇಲ್ಲವೇ ದೀರ್ಘಕಾಲ ಆಡಲಾಗದ ಗಾಯಾಳುವನ್ನು 60 ದಿನಗಳ ಗಾಯಾಳುಗಳ ಪಟ್ಟಿಗೆ ಸರಿಸಬೇಕು. ನಮ್ಮಲ್ಲಿ ಅಂಥ ಗಾಯಾಳು ಇರಲಿಲ್ಲ. ಕೈಬಿಟ್ಟವನನ್ನು ಬೇರೆ ತಂಡ ಎತ್ತಿಕೊಳ್ಳುವ ಭಯವೂ ಇತ್ತು. ಕೊನೆಗೆ ಬುಲ್‌ಪೆನ್‌ನ ಆರು ಜನ ಸೇರಿ ಹೇಗೋ ಒಂಬತ್ತು ಇನಿಂಗ್ಸ್ ಮುಗಿಸಿದರು, ಮತ್ತು ಅದರ ದಣಿವು ನಾಲ್ಕು ದಿನ ತಂಡವನ್ನು ಕಾಡಿತು.

ಮುಂದಿನ ವರ್ಷ ಪ್ರತಿ ಹೆಸರಿನ ಪಕ್ಕದಲ್ಲಿ ಕೊನೆಯ ಬಾರಿ ಎಸೆದ ದಿನ, ಈಗ ಎಷ್ಟು ಚೆಂಡು ಎಸೆಯಬಲ್ಲ ಎಂಬುದು, ಉಳಿದಿರುವ ಆಪ್ಷನ್ ವರ್ಷಗಳು (ಬೇರೆ ತಂಡ ಎತ್ತಿಕೊಳ್ಳುವ ಭಯವಿಲ್ಲದೆ ಅವನನ್ನು ಕೆಳಗಿನ ತಂಡಕ್ಕೆ ಕಳುಹಿಸಬಹುದಾದ ವರ್ಷಗಳು) ಇವನ್ನೆಲ್ಲ ಬರೆಯತೊಡಗಿದೆ. ಟ್ರಿಪಲ್-ಎ ತಂಡಗಳಿಗೆ ಸಾಮಾನ್ಯವಾಗಿ ಸೋಮವಾರ ಬಿಡುವಿರುವುದರಿಂದ ಅಲ್ಲಿನ ಸರದಿ ಆರು ದಿನಗಳದ್ದು, ನಮ್ಮದು ಹೆಚ್ಚಾಗಿ ಐದರದ್ದು; ಎರಡೂ ತಾನಾಗಿ ಕೂಡುವುದಿಲ್ಲ. ಆದ್ದರಿಂದ ನಮ್ಮಲ್ಲಿ ಯಾರ ತೋಳಿನ ಬಗ್ಗೆ ಅನುಮಾನವಿದೆಯೋ ಅವನ ದಿನಕ್ಕೇ ಅಲ್ಲಿನ ಒಬ್ಬನ ಸರದಿ ಹೊಂದುವಂತೆ, ಬೇಕಾದರೆ ಅವನನ್ನು ಎರಡೇ ಇನಿಂಗ್ಸ್‌ಗೆ ನಿಲ್ಲಿಸುವಂತೆ, ಅಲ್ಲಿನ ಕೋಚ್ ಅವರನ್ನು ಕೇಳಿಕೊಳ್ಳುತ್ತಿದ್ದೆ. ಅವರಿಗೆ ಅದು ಇಷ್ಟವಿರಲಿಲ್ಲ, ಮತ್ತು ಅವರ ಅಸಮಾಧಾನ ನ್ಯಾಯವಾದದ್ದೇ, ಏಕೆಂದರೆ ಅವರಿಗೂ ಗೆಲ್ಲಬೇಕಾದ ಪಂದ್ಯಗಳಿದ್ದವು.

ಇದಕ್ಕಿಂತ ಕಷ್ಟವಾದದ್ದು ಆಪ್ಷನ್ ಮಾತು. ಆಪ್ಷನ್ ಮುಗಿದವನನ್ನು ಕೆಳಗೆ ಕಳುಹಿಸಲು ಹೋದರೆ ಕಳೆದುಕೊಳ್ಳಬಹುದು. ಹಾಗಾಗಿ ಚೆನ್ನಾಗಿ ಆಡಿದ ಹುಡುಗನನ್ನೇ, ಅವನಿಗೆ ಆಪ್ಷನ್ ಉಳಿದಿದೆ ಎಂಬ ಒಂದೇ ಕಾರಣಕ್ಕೆ, ಹಿಂದಕ್ಕೆ ಕಳುಹಿಸಿದ್ದೇವೆ. ಆಗಸ್ಟ್‌ನಲ್ಲಿ ಒಂದೇ ದಿನ ಎರಡು ಪಂದ್ಯಗಳು ಬಂದಾಗ, ಎಂದಿನ 26 ಜನರ ಜೊತೆಗೆ ನಿಯಮದಂತೆ ಸಿಗುವ 27ನೆಯ ಆಟಗಾರನಾಗಿ ಅಂಥ ಒಬ್ಬ ಹುಡುಗನನ್ನೇ ಕರೆಸಿದೆವು. ಅವನ ಸರದಿ ಸರಿಯಾಗಿ ಆ ದಿನಕ್ಕೇ ಬಿದ್ದಿತ್ತು. ಐದು ಇನಿಂಗ್ಸ್ ಎಸೆದು, ಎರಡನೆಯ ಪಂದ್ಯ ಮುಗಿದ ಮೇಲೆ ಚೀಲ ಕಟ್ಟಿಕೊಂಡು ಟ್ರಿಪಲ್-ಎ ತಂಡಕ್ಕೆ ಮರಳಿದ.