ಡೇರೆ ಗೆಡ್ಡೆಯನ್ನು ಚಳಿಗಾಲ ದಾಟಿಸುವುದು: ನನ್ನ ಅನುಭವ

ಡೇರೆ, ಅಂದರೆ ಡೇಲಿಯಾ, ಬೆಳೆಸುವುದು ಅಂಥ ಕಷ್ಟದ ಕೆಲಸವಲ್ಲ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಜಾಗ, ನೀರು ನಿಲ್ಲದ ಮಣ್ಣು, ಒಂದು ಗಟ್ಟಿ ಗೂಟ ಇದ್ದರೆ ಅದು ಹೂ ಕೊಟ್ಟೇ ಕೊಡುತ್ತದೆ. ಫಜೀತಿ ಶುರುವಾಗುವುದು ಹೂವಿನ ಕಾಲ ಮುಗಿದ ಮೇಲೆ. ನನ್ನ ಹತ್ತಿರ ಬರುವ ದೂರುಗಳು ಎರಡೇ ಥರ. ಒಬ್ಬರು "ಗೆಡ್ಡೆ ಕೊಳೆತುಹೋಯ್ತು" ಅನ್ನುತ್ತಾರೆ, ಇನ್ನೊಬ್ಬರು "ಒಣಗಿ ಕಡ್ಡಿಯಾಯ್ತು" ಅನ್ನುತ್ತಾರೆ. ವರ್ಷ ವರ್ಷ ಕಿತ್ತು, ಇಟ್ಟು, ಮತ್ತೆ ನೆಟ್ಟು ನನಗೆ ಖಾತ್ರಿಯಾಗಿರುವುದು ಇಷ್ಟು: ಎರಡೂ ನೀರಿನ ಲೆಕ್ಕ ತಪ್ಪಿದ್ದರಿಂದಲೇ ಆಗುವಂಥದ್ದು. ಗೆಡ್ಡೆಯ ಒಳಗಿನ ನೀರು ಹೊರಗೆ ಹೋಗಬಾರದು, ಹೊರಗಿನ ನೀರು ಗೆಡ್ಡೆಯ ಮೇಲೆ ಕೂರಬಾರದು. ನಾನು ಮಾಡುವ ಎಲ್ಲ ಕೆಲಸವೂ ಈ ಲೆಕ್ಕಕ್ಕೇ.

ಇಷ್ಟೆಲ್ಲ ಪಾಡು ಯಾಕೆ, ಬೀಜ ಹಾಕಿದರೆ ಆಗಲ್ವಾ ಅಂತ ಕೇಳುವವರಿದ್ದಾರೆ. ಬೀಜದಿಂದ ಗಿಡ ಬರುತ್ತದೆ, ಅದೇ ವರ್ಷ ಹೂವೂ ಬಿಡುತ್ತದೆ. ಆದರೆ ತಾಯಿಗಿಡದ ಹೂವು ಬರುವುದಿಲ್ಲ. ನಮ್ಮ ನಿಮ್ಮ ಜೀವಕೋಶದಲ್ಲಿ ಹುಟ್ಟುಗುಣಗಳನ್ನು ಹೊತ್ತ ಕ್ರೋಮೋಸೋಮುಗಳ ಕಂತೆ ಎರಡಿದ್ದರೆ, ತೋಟದ ಡೇರೆಯಲ್ಲಿ ಎಂಟು ಕಂತೆ, ಒಟ್ಟು 64 ಕ್ರೋಮೋಸೋಮು. ಅವೆಲ್ಲ ಕಲಸಿಕೊಂಡು ಒಂದೊಂದು ಬೀಜವೂ ಬೇರೆಯೇ ಬಣ್ಣ, ಬೇರೆಯೇ ಆಕಾರದ ಹೂ ಕೊಡುತ್ತದೆ. ಹೊಸ ತಳಿ ಹುಡುಕುವವರಿಗೆ ಅದು ಹಬ್ಬ. ಇಷ್ಟಪಟ್ಟ ಒಂದು ಹೂವನ್ನೇ ಮತ್ತೆ ನೋಡಬೇಕು ಅನ್ನುವವರಿಗೆ ಗೆಡ್ಡೆ ಅಥವಾ ಗೆಡ್ಡೆಯ ಚಿಗುರು, ಎರಡೇ ದಾರಿ.

ಡೇರೆಯ ತವರು ಮೆಕ್ಸಿಕೋದ ಎತ್ತರದ ಬೆಟ್ಟಪ್ರದೇಶ. ಅಲ್ಲಿ ಮಳೆ ಬೇಸಿಗೆಯಲ್ಲಿ, ಚಳಿಗಾಲ ಒಣ. ಮಳೆ ಮುಗಿದ ಮೇಲೆ ಮೇಲಿನ ಗಿಡ ಸಾಯುತ್ತದೆ, ಒಣ ಮಣ್ಣಿನೊಳಗೆ ಗೆಡ್ಡೆ ಮುಂದಿನ ಮಳೆಗೆ ಕಾಯುತ್ತದೆ. 18ನೇ ಶತಮಾನದ ಕೊನೆಗೆ ಅದು ಸ್ಪೇನಿನ ಮ್ಯಾಡ್ರಿಡ್ ತಲುಪಿತು. ಅಲ್ಲಿಯ ಸಸ್ಯಶಾಸ್ತ್ರಜ್ಞ ಕವನಿಯೆಸ್ 1791ರಲ್ಲಿ ಸ್ವೀಡನ್ನಿನ ಆಂಡರ್ಸ್ ಡಾಲ್ ನೆನಪಿಗೆ ಡೇಲಿಯಾ ಅಂತ ಹೆಸರಿಟ್ಟ. ಹೆಸರು ಯುರೋಪಿನದಾದರೂ ಗೆಡ್ಡೆಯ ಸ್ವಭಾವ ಇನ್ನೂ ಆ ಬೆಟ್ಟದ್ದೇ. ಒಣ ನೆಲದಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಮಲಗಲು ಅದಕ್ಕೆ ಗೊತ್ತು. ನೀರು ಹೆಪ್ಪುಗಟ್ಟುವ ಚಳಿ, ತಣ್ಣಗೆ ನೆನೆದ ಮಣ್ಣು, ಇವೆರಡೂ ಅದಕ್ಕೆ ಆಗಿಬರುವುದಿಲ್ಲ. ಹಾಗಾಗಿ ಚಳಿಗಾಲ ಬೆಚ್ಚಗೂ ಒಣಗೂ ಇರುವ ಕಡೆ ಗೆಡ್ಡೆ ಕೀಳದೆ ನೆಲದಲ್ಲೇ ಬಿಡಬಹುದು. ನೆಲ ಹೆಪ್ಪುಗಟ್ಟುವ ಕಡೆ, ಇಲ್ಲವೇ ಚಳಿಗಾಲದಲ್ಲೂ ಮಣ್ಣು ಕೆಸರಾಗಿರುವ ಕಡೆ ಕೀಳಲೇಬೇಕು.

ಇನ್ನು ಗೆಡ್ಡೆಯ ಅಂಗರಚನೆ. ಇದನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ. ಆಲೂಗಡ್ಡೆಯ ಮೈಮೇಲೆಲ್ಲ ಕಣ್ಣು, ಅಂದರೆ ಚಿಗುರೊಡೆಯುವ ಮೊಗ್ಗು, ಇರುತ್ತದೆ, ಕಣ್ಣಿರುವ ಯಾವ ತುಂಡಾದರೂ ಮೊಳೆಯುತ್ತದೆ. ಡೇರೆ ಗೆಡ್ಡೆ ಹಾಗಲ್ಲ, ಅದು ಉಬ್ಬಿದ ಬೇರು. ಕಣ್ಣು ಇರುವುದು ಕಾಂಡದ ಬುಡದಲ್ಲಿ, ಗೆಡ್ಡೆಗಳು ಬಂದು ಸೇರುವ ಗಂಟಿನಲ್ಲಿ ಮಾತ್ರ. ಗಂಟಿಗೂ ಗೆಡ್ಡೆಗೂ ನಡುವೆ ಸಣ್ಣ ಕುತ್ತಿಗೆ. ಆ ಕುತ್ತಿಗೆ ಮುರಿದರೆ, ಇಲ್ಲವೇ ಗಂಟಿನ ಚೂರು ಅಂಟಿಕೊಂಡಿರದಿದ್ದರೆ, ಗೆಡ್ಡೆ ಎಷ್ಟೇ ದಪ್ಪಗಿದ್ದರೂ ಮೊಳೆಯುವುದಿಲ್ಲ. ನೆಟ್ಟರೆ ಬೇರು ಬಿಡುತ್ತದೆ, ತಿಂಗಳುಗಟ್ಟಲೆ ಮಣ್ಣೊಳಗೆ ಗಟ್ಟಿಯಾಗಿಯೇ ಇರುತ್ತದೆ, ಚಿಗುರು ಮಾತ್ರ ಬರುವುದಿಲ್ಲ. ಇದಕ್ಕೆ ಕುರುಡು ಗೆಡ್ಡೆ ಅನ್ನುತ್ತಾರೆ. ಗೆಡ್ಡೆ ಕೊಳ್ಳುವಾಗ ನಾನು ಗಾತ್ರ ನೋಡುವುದಿಲ್ಲ, ಕುತ್ತಿಗೆ ನೋಡುತ್ತೇನೆ. ಹೆಬ್ಬೆರಳಿನಷ್ಟು ಗೆಡ್ಡೆಗೆ ಒಳ್ಳೆಯ ಕುತ್ತಿಗೆ, ಒಂದು ಕಣ್ಣು ಇದ್ದರೆ ಆಳೆತ್ತರದ ಗಿಡ ಬರಲು ಅಷ್ಟು ಸಾಕು.

ನೆಡುವ ವಿಷಯದಲ್ಲಿ ಗೆಡ್ಡೆಗೆ ಸಂಬಂಧಪಟ್ಟಷ್ಟು ಮಾತ್ರ ಹೇಳುತ್ತೇನೆ. ಮಣ್ಣು 15 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬೆಚ್ಚಗಾದ ಮೇಲೆ, 10ರಿಂದ 15 ಸೆಂಟಿಮೀಟರ್ ಆಳದಲ್ಲಿ, ಕಣ್ಣು ಮೇಲ್ಮುಖವಾಗಿ ಗೆಡ್ಡೆಯನ್ನು ಅಡ್ಡಲಾಗಿ ಮಲಗಿಸುತ್ತೇನೆ. ಗೂಟವನ್ನೂ ಆಗಲೇ ಹೊಡೆಯುತ್ತೇನೆ, ಆಮೇಲೆ ಹೊಡೆದರೆ ಗೆಡ್ಡೆಗೆ ಚುಚ್ಚುವ ಭಯ. ಮಣ್ಣಿನಲ್ಲಿ ಸ್ವಲ್ಪ ಪಸೆ ಇದ್ದರೆ ಚಿಗುರು ಮೇಲೆ ಬರುವವರೆಗೂ ನೀರು ಹಾಕುವುದಿಲ್ಲ. ಬೇರಿಲ್ಲದ ಗೆಡ್ಡೆ ನೀರು ಕುಡಿಯಲಾರದು, ಸುಮ್ನೆ ಕೊಳೆಯುತ್ತದೆ. ಮೂರು ನಾಲ್ಕು ಜೊತೆ ಎಲೆ ಬಂದಾಗ ತುದಿ ಕುಡಿ ಚಿವುಟಿದರೆ ಗಿಡ ಕವಲೊಡೆಯುತ್ತದೆ. ಎಳೆ ಚಿಗುರಿಗೆ ಬಸವನಹುಳುವಿನ ಕಾಟ ಜಾಸ್ತಿ, ಆ ದಿನಗಳಲ್ಲಿ ಸಂಜೆ ಟಾರ್ಚ್ ಹಿಡಿದು ಹೆಕ್ಕುವುದೇ ನನ್ನ ಔಷಧ.

ಗೊಬ್ಬರದ ಬಗ್ಗೆ ಮಾತ್ರ ನನಗೆ ಖಚಿತ ಅಭಿಪ್ರಾಯವಿದೆ. ಸಾರಜನಕ ಜಾಸ್ತಿ ಹಾಕಿದರೆ ಗಿಡ ಹಸಿರಾಗಿ ಉಬ್ಬುತ್ತದೆ, ಹೂ ಕಡಿಮೆಯಾಗುತ್ತದೆ. ಅಂಥ ಗಿಡದ ಗೆಡ್ಡೆ ನೋಡಲು ದೊಡ್ಡದು, ಒಳಗೆ ನೀರು ನೀರು, ಇಟ್ಟಲ್ಲೇ ಕೊಳೆಯುತ್ತದೆ. ಮೊಗ್ಗು ಕಾಣಿಸಿದ ಮೇಲೆ ನಾನು ಪೊಟ್ಯಾಶ್ ಹೆಚ್ಚಿರುವ ಗೊಬ್ಬರವನ್ನೇ ಕೊಡುತ್ತೇನೆ, ಕಾಲ ಮುಗಿಯುವ ಮುಂಚೆ ಅದನ್ನೂ ನಿಲ್ಲಿಸುತ್ತೇನೆ.

ಬಾಡಿದ ಹೂ ತೆಗೆಯುತ್ತಾ ಹೋದರೆ ಹೊಸ ಹೂ ಬರುತ್ತಲೇ ಇರುತ್ತದೆ. ಎಸಳುದುರಿದ ಹೂವೂ ಮೊಗ್ಗೂ ದೂರದಿಂದ ಒಂದೇ ಥರ ಕಾಣುತ್ತವೆ. ದುಂಡಗಿದ್ದರೆ ಮೊಗ್ಗು, ಚೂಪಾಗಿದ್ದರೆ ಬಾಡಿದ ಹೂ. ಹೂದಾನಿಗೆ ಕೊಯ್ಯುವುದಾದರೆ ಅರಳಿದ ಹೂವನ್ನೇ ಕೊಯ್ಯಿರಿ, ಡೇರೆ ಮೊಗ್ಗು ಕೊಯ್ದ ಮೇಲೆ ಅರಳುವುದಿಲ್ಲ.

ಹೂವು ಇರುವಾಗಲೇ ಮಾಡಬೇಕಾದ ಎರಡು ಕೆಲಸಗಳಿವೆ. ಮೊದಲನೆಯದು, ಪ್ರತಿ ಗಿಡದ ಬುಡಕ್ಕೆ ಹೆಸರು ಅಥವಾ ಬಣ್ಣ ಬರೆದ ಚೀಟಿ ಕಟ್ಟುವುದು. ಕಿತ್ತ ಮೇಲೆ ಎಲ್ಲ ಗೆಡ್ಡೆಯೂ ಒಂದೇ. ಎರಡನೆಯದು, ರೋಗದ ಗಿಡ ಗುರುತಿಸುವುದು. ಎಲೆಯ ನರದ ಉದ್ದಕ್ಕೂ ತಿಳಿಹಳದಿ ಮಚ್ಚೆ, ಗಿಡ ಕುಳ್ಳು, ಎಲೆ ಸುರುಟಿಕೊಂಡಿದ್ದರೆ ವೈರಸ್ ಇರುವ ಸಂಭವ ಹೆಚ್ಚು. ಗಿಡಹೇನುಗಳು ಇದನ್ನು ಗಿಡದಿಂದ ಗಿಡಕ್ಕೆ ಹರಡುತ್ತವೆ, ಗೆಡ್ಡೆಯ ಮೂಲಕ ಮುಂದಿನ ವರ್ಷಕ್ಕೂ ದಾಟುತ್ತದೆ, ಮದ್ದಿಲ್ಲ. ಎಷ್ಟು ಚೆಂದದ ತಳಿಯಾದರೂ ನಾನು ಅದನ್ನು ಇಟ್ಟುಕೊಳ್ಳುವುದಿಲ್ಲ.

ಗೆಡ್ಡೆ ನಿಜವಾಗಿ ತುಂಬಿಕೊಳ್ಳುವುದು ಹಗಲು ಗಿಡ್ಡವಾದಾಗ. ಬೆಳಕು ಸುಮಾರು 12 ಗಂಟೆಗಿಂತ ಕಡಿಮೆಯಾದ ಮೇಲೆ ಗಿಡ ತನ್ನ ಶಕ್ತಿಯನ್ನು ಕೆಳಗೆ ಇಳಿಸಲು ಶುರುಮಾಡುತ್ತದೆ. ಆಲೂಗಡ್ಡೆಯಲ್ಲಿ ಇರುವ ಹಾಗೆ ಪಿಷ್ಟವಾಗಿ ಅಲ್ಲ, ಇನುಲಿನ್ ಅನ್ನುವ ಶರ್ಕರದ ರೂಪದಲ್ಲಿ ಅದನ್ನು ಕೂಡಿಡುತ್ತದೆ. ಹೂ ಕಡಿಮೆಯಾಯಿತು ಅಂತ ಅವಸರದಲ್ಲಿ ಕಿತ್ತರೆ ತೆಳುಸಿಪ್ಪೆಯ, ಬಲಿಯದ ಗೆಡ್ಡೆ ಸಿಗುತ್ತದೆ. ಅಂಥದ್ದನ್ನು ಯಾವ ಡಬ್ಬದಲ್ಲಿಟ್ಟರೂ ಸುಕ್ಕುಗಟ್ಟುತ್ತದೆ. ಆದ್ದರಿಂದ ನಾನು ಮೊದಲ ಕಡುಚಳಿಗೆ ಎಲೆ ಕಪ್ಪಾಗುವವರೆಗೂ ಕಾಯುತ್ತೇನೆ. ಅಷ್ಟು ಚಳಿ ಬೀಳದ ಕಡೆ ನೀರು ಕಡಿಮೆ ಮಾಡಿ, ಗಿಡ ಹಳದಿಯಾಗುವವರೆಗೆ ಕಾದರಾಯಿತು.

ಆಮೇಲೆ ಕಾಂಡವನ್ನು ಗೇಣುದ್ದ ಬಿಟ್ಟು ಕತ್ತರಿಸುತ್ತೇನೆ. ಒಂದು ವಾರ ನೆಲದಲ್ಲೇ ಬಿಟ್ಟರೆ ಕಣ್ಣುಗಳು ಸ್ವಲ್ಪ ಉಬ್ಬಿ ಕಾಣಿಸಿಕೊಳ್ಳುತ್ತವೆ, ಆಮೇಲೆ ಗೆಡ್ಡೆಗಳ ಗೊಂಚಲನ್ನು ಕೊಯ್ದು ಬಿಡಿಬಿಡಿ ಮಾಡುವಾಗ ಅನುಕೂಲ. ಆದರೆ ಡೇರೆ ಕಾಂಡ ಒಳಗೆ ಟೊಳ್ಳು. ಕತ್ತರಿಸಿದ ಮೇಲೆ ಮಳೆ ಬಂದರೆ ನೀರು ನೇರ ಗಂಟಿಗೇ ಇಳಿದು ಅಲ್ಲೇ ಕೊಳೆ ಶುರುವಾಗುತ್ತದೆ. ಮಳೆಯ ಸೂಚನೆ ಇದ್ದರೆ ಕಾಯದೆ ಕೀಳುವುದೇ ಲೇಸು.

ಕೀಳುವಾಗ ಕಾಂಡ ಹಿಡಿದು ಎಳೆಯುವುದು ಬೇಡವೇ ಬೇಡ, ಎಲ್ಲ ಕುತ್ತಿಗೆಯೂ ಒಟ್ಟಿಗೆ ಮುರಿಯುತ್ತದೆ. ಬುಡದಿಂದ ಒಂದಡಿ ದೂರದಲ್ಲಿ ಸುತ್ತಲೂ ಫೋರ್ಕ್, ಅಂದರೆ ಮಣ್ಣು ಅಗೆಯುವ ಉದ್ದ ಹಲ್ಲಿನ ಸಲಕರಣೆ, ಹಾಕಿ ಮಣ್ಣು ಸಡಿಲಿಸಿ, ಅಡಿಯಿಂದ ಎತ್ತುತ್ತೇನೆ. ಒಂದು ಕೈ ಯಾವಾಗಲೂ ಗೊಂಚಲಿನ ಕೆಳಗೆ. ಮಣ್ಣು ತೊಳೆಯಬೇಕೋ ಬೇಡವೋ ಅನ್ನುವ ವಾದ ಮುಗಿಯುವಂಥದ್ದಲ್ಲ. ನಾನು ತೊಳೆಯುತ್ತೇನೆ, ಕಣ್ಣು ಕಾಣಬೇಕು, ಹುಳ ಹೋಗಬೇಕು. ಆಮೇಲೆ ಕಾಂಡ ಕೆಳಮುಖವಾಗಿ ತಿರುಗಿಸಿ ನೆರಳಿನಲ್ಲಿ ಇಡುತ್ತೇನೆ, ಟೊಳ್ಳಿನ ನೀರು ಇಳಿಯಲಿ ಅಂತ. ಮೇಲ್ಮೈ ಆರುವವರೆಗೆ ಸಾಕು, ಒಂದೆರಡು ದಿನ. ಬಿಸಿಲಿಗೆ ಹರವಿದರೆ ಒಣಗಿ ಹೋಗುತ್ತದೆ.

ಗೊಂಚಲನ್ನು ಈಗಲೇ ಬಿಡಿಸುವುದೋ, ನೆಡುವ ಮುಂಚೆಯೋ? ಈಗ ಗಂಟು ಮೆತ್ತಗಿರುತ್ತದೆ, ಚಾಕು ಸಲೀಸಾಗಿ ಇಳಿಯುತ್ತದೆ, ಇಡಲು ಜಾಗವೂ ಕಡಿಮೆ ಸಾಕು. ಆದರೆ ಎಷ್ಟೋ ತಳಿಗಳಲ್ಲಿ ಕಣ್ಣು ಈಗ ಕಾಣುವುದೇ ಇಲ್ಲ. ನೆಡುವ ಕಾಲಕ್ಕೆ ಕಣ್ಣು ಢಾಳಾಗಿ ಕಾಣುತ್ತದೆ, ಗಂಟು ಮಾತ್ರ ಮರವಾಗಿರುತ್ತದೆ. ನಾನು ನಡುದಾರಿ ಹಿಡಿದಿದ್ದೇನೆ. ಕಣ್ಣು ಕಂಡವನ್ನು ಈಗ ಬಿಡಿಸುತ್ತೇನೆ, ಕಾಣದ್ದನ್ನು ಎರಡು ಅಥವಾ ನಾಲ್ಕು ಹೋಳು ಮಾತ್ರ ಮಾಡಿ ಇಡುತ್ತೇನೆ. ಹೊಸಬರು ಇಡೀ ಗೊಂಚಲನ್ನೇ ಇಟ್ಟು ಆಮೇಲೆ ಬಿಡಿಸುವುದು ಕ್ಷೇಮ.

ಬಿಡಿಸುವಾಗ ಕೂದಲಿನಂಥ ಬೇರು, ಮುರಿದ ಕುತ್ತಿಗೆಯವು, ಹೋದ ಸಲ ನೆಟ್ಟ ಹಳೇ ಗೆಡ್ಡೆ ಎಲ್ಲವನ್ನೂ ತೆಗೆಯುತ್ತೇನೆ. ಹಳೇದನ್ನು ಗುರುತಿಸುವುದು ಸುಲಭ, ಬಣ್ಣ ಕಪ್ಪಗೆ, ಮೈ ಒರಟು. ಅದನ್ನು ಗೊಂಚಲಿನಲ್ಲೇ ಬಿಟ್ಟರೆ ಕೊಳೆ ಅಲ್ಲಿಂದಲೇ ಶುರುವಾಗುವುದು ಹೆಚ್ಚು. ಬುಡದಲ್ಲಿ ಹೂಕೋಸಿನಂಥ ಗಂಟುಗಂಟು ಬೆಳವಣಿಗೆ ಕಂಡರೆ ಅದು ಬ್ಯಾಕ್ಟೀರಿಯಾದಿಂದ ಬರುವ ಗಾಲ್ ರೋಗ. ಆ ಗೊಂಚಲು ಕಸಕ್ಕೆ, ಕಾಂಪೋಸ್ಟ್ ಗುಂಡಿಗೂ ಅಲ್ಲ. ಗಿಡದಿಂದ ಗಿಡಕ್ಕೆ ಹೋಗುವಾಗ ಚಾಕುವನ್ನು ಬ್ಲೀಚ್ ನೀರಿನಲ್ಲಿ ಅದ್ದುತ್ತೇನೆ. ಕೊಯ್ದ ಜಾಗಕ್ಕೆ ಕೆಲವರು ಗಂಧಕದ ಪುಡಿ ಹಚ್ಚುತ್ತಾರೆ. ನನ್ನ ಮಟ್ಟಿಗೆ ಆ ಜಾಗ ಒಂದು ದಿನ ಗಾಳಿಗೆ ಒಣಗಿದರೆ ಸಾಕು.

ಈಗ ಇಡುವ ವಿಷಯ. ಗೆಡ್ಡೆಗೆ ಬೇಕಾದದ್ದು 4ರಿಂದ 10 ಡಿಗ್ರಿ ಸೆಲ್ಸಿಯಸ್, ಕತ್ತಲೆ, ಸ್ವಲ್ಪ ಪಸೆ. ಸೊನ್ನೆಗೆ ಇಳಿದರೆ ಹೆಪ್ಪುಗಟ್ಟಿ ಆಮೇಲೆ ಲೋಳೆಯಾಗುತ್ತದೆ. ಬೆಚ್ಚಗಾದರೆ ಒಣಗುತ್ತದೆ, ಇಲ್ಲವೇ ಅಕಾಲದಲ್ಲಿ ಮೊಳೆಯುತ್ತದೆ. ಯಾವುದರಲ್ಲಿ ತುಂಬಿಡಬೇಕು ಅನ್ನುವ ಪ್ರಶ್ನೆಗೆ ಹತ್ತು ಜನ ಹತ್ತು ಉತ್ತರ ಕೊಡುತ್ತಾರೆ, ಹತ್ತೂ ಸರಿ, ಅವರವರ ಕೋಣೆಗೆ. ಬೇರೆಯವರ ವಿಧಾನ ನಕಲು ಮಾಡುವ ಮುಂಚೆ ನಿಮ್ಮ ಜಾಗದ ಸ್ವಭಾವ ನೋಡಿ. ಇಡುವ ಜಾಗದಲ್ಲಿ ಒಂದು ಅಗ್ಗದ ಥರ್ಮಾಮೀಟರ್, ಸಾಧ್ಯವಾದರೆ ತೇವಾಂಶ ತೋರಿಸುವಂಥದ್ದು, ವಾರ ಮೊದಲೇ ಇಡಿ. ಬೇರಾವ ಸಾಮಾನಿಗಿಂತ ಅದು ಹೆಚ್ಚು ಉಪಕಾರಿ.

ಗಾಳಿ ಒಣಗಿದ್ದರೆ ತೇವ ಹಿಡಿದಿಡುವ ದಾರಿ ಬೇಕು. ಬಿಡಿಸಿದ ಗೆಡ್ಡೆಗಳನ್ನು ಒಂದೊಂದಾಗಿ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ, ಒಂದಕ್ಕೊಂದು ತಾಗದ ಹಾಗೆ ಸುತ್ತಬಹುದು. ಒಂದು ಕೊಳೆತರೆ ಪಕ್ಕದ್ದಕ್ಕೆ ಹರಡುವುದಿಲ್ಲ. ಇಲ್ಲವೇ ಮುಚ್ಚಳವಿರುವ ಡಬ್ಬದಲ್ಲಿ ವರ್ಮಿಕ್ಯುಲೈಟ್, ಅಂದರೆ ಕಾಯಿಸಿ ಉಬ್ಬಿಸಿದ ಹಗುರ ಖನಿಜದ ಹರಳು, ತುಂಬಿ ಅದರೊಳಗೆ ಹೂಳಬಹುದು. ಗಾಳಿಯಲ್ಲೇ ತೇವ ಇದ್ದರೆ ಪ್ಲಾಸ್ಟಿಕ್ ಬೇಡ. ಕಾಗದದ ಚೀಲ, ರಟ್ಟಿನ ಪೆಟ್ಟಿಗೆ, ಅದರಲ್ಲಿ ಒಣ ಮರದ ಹೊಟ್ಟು ಸಾಕು. ನಾನು ಹೆಚ್ಚಾಗಿ ಬಳಸುವುದು ವರ್ಮಿಕ್ಯುಲೈಟ್. ತೇವ ಜಾಸ್ತಿಯಾದರೆ ಹೀರಿಕೊಳ್ಳುತ್ತದೆ, ಕಡಿಮೆಯಾದರೆ ನಿಧಾನವಾಗಿ ಬಿಟ್ಟುಕೊಡುತ್ತದೆ, ಮುಂದಿನ ವರ್ಷಕ್ಕೂ ಬರುತ್ತದೆ. ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಹಾಕುವುದಾದರೆ ಎಚ್ಚರ. ನೆನೆಸಿದ ಕೋಕೋಪೀಟ್ ಮುಟ್ಟಲು ಒಣಗಿದಂತಿದ್ದರೂ ಒಳಗೆ ಬಹಳ ನೀರು ಹಿಡಿದಿರುತ್ತದೆ. ಹಿಡಿಯಲ್ಲಿ ಹಿಂಡಿದಾಗ ಅಂಗೈ ಒದ್ದೆಯಾದರೆ ಅದು ಗೆಡ್ಡೆಗೆ ಜಾಸ್ತಿಯೇ.

ಗೆಡ್ಡೆಯ ಮೇಲೆಯೇ ಪೆನ್ಸಿಲಿನಿಂದ ತಳಿಯ ಹೆಸರು ಬರೆಯಬಹುದು. ಅಳಿಸದ ಕಾಪಿಂಗ್ ಪೆನ್ಸಿಲ್ ಸಿಕ್ಕರಂತೂ ಇನ್ನೂ ಒಳ್ಳೆಯದು, ಒದ್ದೆ ಗೆಡ್ಡೆಯ ಮೇಲೆ ನೀಲಿಯಾಗಿ ಉಳಿಯುತ್ತದೆ. ಇಲಿಯ ಕಾಟ ಇರುವ ಕಡೆ ರಟ್ಟಿನ ಪೆಟ್ಟಿಗೆಯ ಮೇಲೆ ತಂತಿಬಲೆ ಹಾಕಬೇಕು.

ಇಟ್ಟು ಮರೆತುಬಿಡುವ ಕೆಲಸ ಇದಲ್ಲ. ತಿಂಗಳಿಗೊಮ್ಮೆ, ಮೊದಲ ತಿಂಗಳಲ್ಲಿ ಎರಡು ಸಲ, ತೆರೆದು ನೋಡುತ್ತೇನೆ. ಮುಚ್ಚಳದ ಒಳಗೆ ನೀರಹನಿ ಕಂಡರೆ ಒಂದು ದಿನ ತೆರೆದಿಡುತ್ತೇನೆ. ಮೇಲೆ ಬಿಳಿ ಬೂಷ್ಟು ಕಂಡು ಗೆಡ್ಡೆ ಗಟ್ಟಿಯಾಗಿದ್ದರೆ ಒರೆಸಿ ಗಾಳಿಯಾಡಿಸಿದರೆ ಸಾಕು, ಗಾಬರಿ ಬೇಡ. ಮೆತ್ತಗಾಗಿದ್ದರೆ ಬಿಳಿ ಗಟ್ಟಿ ತಿರುಳು ಸಿಗುವವರೆಗೆ ಕೊಯ್ದು, ಒಣಗಿಸಿ, ಬೇರೆ ಡಬ್ಬಕ್ಕೆ ಹಾಕುತ್ತೇನೆ. ಗೆಡ್ಡೆಯ ತುದಿ ಹೋದರೂ ಕುತ್ತಿಗೆ ಚೆನ್ನಾಗಿದ್ದರೆ ಬದುಕುತ್ತದೆ, ಕೊಳೆ ಕುತ್ತಿಗೆಗೆ ಬಂದಿದ್ದರೆ ಬಿಟ್ಟುಬಿಡಬೇಕು. ಸುಕ್ಕುಗಟ್ಟುತ್ತಿದ್ದರೆ ಗೆಡ್ಡೆಗಲ್ಲ, ವರ್ಮಿಕ್ಯುಲೈಟಿಗೆ ಸ್ವಲ್ಪ ನೀರು ಚಿಮುಕಿಸಿ ಕಲಸುತ್ತೇನೆ. ಸ್ವಲ್ಪ ಸುಕ್ಕಾದ ಗೆಡ್ಡೆಯನ್ನು ಎಸೆಯಬೇಡಿ, ಕಣ್ಣು ಜೀವಂತ ಇದ್ದರೆ ಮಣ್ಣಿಗೆ ಬಿದ್ದ ಮೇಲೆ ಚೇತರಿಸಿಕೊಳ್ಳುತ್ತದೆ.

ನೆಡುವ ಕಾಲಕ್ಕೆ ನಾಲ್ಕೈದು ವಾರ ಮುಂಚೆ ಗೆಡ್ಡೆಗಳನ್ನು ಬೆಚ್ಚಗಿನ ಬೆಳಕಿನ ಜಾಗಕ್ಕೆ ತಂದು, ತುಸು ಪಸೆಯ ಮಣ್ಣಿನಲ್ಲಿ ಗಂಟು ಮೇಲೆ ಕಾಣುವಂತೆ ಕೂರಿಸುತ್ತೇನೆ. ಕೆಲವು ತಳಿ ಬೇಗ ಏಳುತ್ತವೆ, ಕೆಲವು ಆರು ವಾರ ತೆಗೆದುಕೊಳ್ಳುತ್ತವೆ. ತಡವಾದದ್ದನ್ನು ಪದೇ ಪದೇ ಕೆದಕಿ ನೋಡಬೇಡಿ. ಎದ್ದ ಚಿಗುರು ನಾಲ್ಕು ಬೆರಳುದ್ದ ಆದಾಗ ಬುಡದಲ್ಲಿ ಕೊಯ್ದು ಮರಳು ಬೆರೆಸಿದ ಮಣ್ಣಿನಲ್ಲಿ ಊರಿದರೆ ಎರಡು ಮೂರು ವಾರದಲ್ಲಿ ಬೇರು ಬಿಡುತ್ತದೆ, ಅದೇ ವರ್ಷ ಹೂವೂ ಗೆಡ್ಡೆಯೂ ಸಿಗುತ್ತದೆ. ಬುಡದಲ್ಲಿ ಒಂದು ಜೊತೆ ಎಲೆ ಉಳಿಸಿ ಕೊಯ್ದರೆ ಗೆಡ್ಡೆ ಮತ್ತೆ ಚಿಗುರುತ್ತದೆ. ಒಂದೇ ಗೆಡ್ಡೆ ಉಳಿದಿರುವ ತಳಿಗಳಿಗೆ ನಾನು ಪ್ರತಿ ವರ್ಷ ಹೀಗೆ ಒಂದೆರಡು ಚಿಗುರನ್ನಾದರೂ ಊರುತ್ತೇನೆ. ಅಕಸ್ಮಾತ್ ಗೆಡ್ಡೆ ಹೋದರೂ ತಳಿ ಉಳಿಯುತ್ತದೆ.