ರೀಶಿ ಅಣಬೆ ಬೆಳೆದು ಕಷಾಯ ಮಾಡಿದ ನನ್ನ ಅನುಭವ

ಅಡಿಕೆ ಬೆಳೆಯುವವರಿಗೆ ಗ್ಯಾನೋಡರ್ಮ ಅಂದರೆ ಅಣಬೆ ರೋಗ. ಬುಡದಲ್ಲಿ ಆ ಗಟ್ಟಿ ಕಂದು ಅಣಬೆ ಕಾಣಿಸಿತು ಅಂದರೆ ಮರ ಉಳಿಯುವುದು ಕಷ್ಟ. ಅದೇ ಕುಲದ, ಔಷಧಿಗೆ ಬಳಸುವ ರೀಶಿ ಅಣಬೆಯನ್ನು ಬೆಳೆಯುತ್ತೇನೆ ಅಂದಾಗ ಅಪ್ಪ ಒಪ್ಪಲಿಲ್ಲ. ಅವರ ಭಯಕ್ಕೆ ಕಾರಣ ಇತ್ತು. ಹಾಗಾಗಿ ಶೆಡ್ಡನ್ನು ತೋಟದಿಂದ ದೂರ, ಖಾಲಿ ಸೈಟಿನಲ್ಲಿ ಹಾಕಿದೆ. ಅಣಬೆ ಬೆಳೆಯುವ ಮರದ ಹೊಟ್ಟಿನ ಚೀಲಗಳನ್ನು ಬೆಳೆ ಮುಗಿದ ಮೇಲೆ ಇನ್ನೊಮ್ಮೆ ಹಬೆಯಲ್ಲಿ ಬೇಯಿಸಿಯೇ ಹೊರಗೆ ತರುತ್ತೇನೆ. ಆ ಹೊಟ್ಟನ್ನು ಗೊಬ್ಬರ ಅಂತ ಅಡಿಕೆ, ತೆಂಗಿನ ಬುಡಕ್ಕೆ ಒಂದು ಹಿಡಿಯೂ ಹಾಕುವುದಿಲ್ಲ. ತೋಟ ಇರುವವರು ಈ ಬೆಳೆಗೆ ಕೈ ಹಾಕುವ ಮೊದಲು ಇದನ್ನು ಯೋಚಿಸಲೇಬೇಕು.

ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನಲ್ಲಿ ಅಣಬೆ ತರಬೇತಿ ಪಡೆದು ನಾನು ಮೊದಲು ಬೆಳೆದದ್ದು ಚಿಪ್ಪಣಬೆ. ಅದಕ್ಕೆ ಭತ್ತದ ಹುಲ್ಲು ಸಾಕು. ರೀಶಿಗೆ ಮರವೇ ಬೇಕು. ಸಾಮಿಲ್ಲಿನಿಂದ ಮಾವು, ಹಲಸಿನಂಥ ಮರದ ಹೊಟ್ಟು ತಂದು, ಐದನೇ ಒಂದು ಪಾಲು ಗೋಧಿ ಬೂಸಾ ಬೆರೆಸುತ್ತೇನೆ. ಹಿಡಿಯಲ್ಲಿ ಗಟ್ಟಿಯಾಗಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಅಷ್ಟೇ ನೀರು. ಚೀಲಕ್ಕೆ ತುಂಬಿ, ಡ್ರಮ್ಮಿನಲ್ಲಿ ಹಬೆಗೆ ಇಟ್ಟು, ಪೂರ್ತಿ ಆರಿದ ಮೇಲೆ ಬೀಜ ಹಾಕುವುದು.

ಅಣಬೆಯ ಬಿಳಿ ಎಳೆಗಳು ಹಬ್ಬಿ ಚೀಲ ಬಿಳಿಯಾದ ಮೇಲೆ ಗಾಳಿಯದ್ದೇ ಆಟ. ಶೆಡ್ ಮುಚ್ಚಿಟ್ಟರೆ ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾಗಿ ಅಣಬೆ ಜಿಂಕೆಯ ಕೊಂಬಿನ ಹಾಗೆ ಉದ್ದಕ್ಕೆ ಬೆಳೆಯುತ್ತದೆ, ಟೋಪಿ ಬಿಚ್ಚುವುದೇ ಇಲ್ಲ. ಗಾಳಿ ಬಿಟ್ಟರೆ ಟೋಪಿ ಅಗಲವಾಗುತ್ತದೆ, ಆದರೆ ತೇವ ಹೋಗಬಾರದು. ಟೋಪಿಯ ಅಂಚಿನ ಬಿಳಿ ಮಾಸಿದ ಕೂಡಲೇ ಕೊಯ್ಯುತ್ತೇನೆ. ತಡ ಮಾಡಿದರೆ ಕಂದು ಪುಡಿಯಂಥ ಬೀಜಕಣ ಎಲ್ಲೆಲ್ಲೂ ಹಾರುತ್ತದೆ. ಅದು ನಮ್ಮ ಶ್ವಾಸಕ್ಕೂ ಬೇಡ, ತೋಟಕ್ಕೂ ಬೇಡ. ಮಾಸ್ಕ್ ಇಲ್ಲದೆ ಶೆಡ್ಡಿನ ಒಳಗೆ ಹೋಗುವುದಿಲ್ಲ.

ಇದನ್ನು ಪಲ್ಯ ಮಾಡಿ ತಿನ್ನಲು ಆಗಲ್ಲ, ಕಟ್ಟಿಗೆಯೇ ಸರಿ. ಹಸಿ ಇರುವಾಗಲೇ ತೆಳ್ಳಗೆ ಹೆಚ್ಚಿ ಒಣಗಿಸಬೇಕು. ಅಣಬೆಯ ಜೀವಕೋಶದ ಗೋಡೆ ಕೈಟಿನ್ ಎಂಬ ಗಟ್ಟಿ ವಸ್ತುವಿನದು. ಅದು ನಮಗೆ ಸುಲಭವಾಗಿ ಜೀರ್ಣವಾಗುವುದಿಲ್ಲ. ಅದಕ್ಕೇ ಸುಮ್ನೆ ಪುಡಿ ನುಂಗುವುದಕ್ಕಿಂತ ಕುದಿಸುವುದು ಮೇಲು. ಸಣ್ಣ ಉರಿಯಲ್ಲಿ ಎರಡು ಗಂಟೆಯಾದರೂ ಕುದಿಸಿದರೆ ಆ ಗೋಡೆಯಲ್ಲಿರುವ ಬೀಟಾ-ಗ್ಲುಕಾನ್ ಎಂಬ ನಾರಿನಂಥ ಅಂಶ ನೀರಿಗೆ ಬಿಡುತ್ತದೆ. ಕಹಿ ಕೊಡುವ ಟ್ರೈಟರ್ಪೀನುಗಳು ಮಾತ್ರ ನೀರಿಗಿಂತ ಆಲ್ಕೋಹಾಲಿನಲ್ಲಿ ಚೆನ್ನಾಗಿ ಕರಗುತ್ತವೆ. ಒಳ್ಳೆಯ ಎಕ್ಸ್‌ಟ್ರಾಕ್ಟ್‌ ಮಾಡುವವರು ಎರಡನ್ನೂ ಬಳಸುವುದು ಇದಕ್ಕೇ. ನಾನು ಮಾಡುವುದು ನೀರಿನ ಕಷಾಯ ಮಾತ್ರ.

ಅಂಗಡಿಯ ಕ್ಯಾಪ್ಸೂಲ್ ಕೊಳ್ಳುವವರು ಒಂದು ವಿಷಯ ನೋಡಿ. ಕೆಲವು ಡಬ್ಬಿಗಳಲ್ಲಿ ಇರುವುದು ಅಣಬೆಯಲ್ಲ, ಕಾಳಿನ ಮೇಲೆ ಬೆಳೆಸಿದ, ಬೂಸ್ಟಿನಂತೆ ಕಾಣುವ ಅದರ ಬಿಳಿ ಎಳೆ, ಕಾಳಿನ ಸಮೇತ ಪುಡಿ ಮಾಡಿದ್ದು. ಪಾಲಿಸ್ಯಾಕರೈಡ್ (ಸಕ್ಕರೆ ಕಣಗಳ ಉದ್ದ ಸರಪಳಿ) ಇಷ್ಟು ಪರ್ಸೆಂಟ್ ಅಂತ ದೊಡ್ಡದಾಗಿ ಬರೆದಿರುತ್ತಾರೆ, ಆದರೆ ಪಿಷ್ಟವೂ ಪಾಲಿಸ್ಯಾಕರೈಡೇ ಅಲ್ವಾ? ಬೀಟಾ-ಗ್ಲುಕಾನ್ ಎಷ್ಟು ಅಂತ ಬೇರೆಯಾಗಿ ಬರೆದಿರಬೇಕು. ಪುಡಿಯನ್ನು ನೀರಲ್ಲಿ ಕುದಿಸಿ, ಆರಿಸಿ, ಒಂದೆರಡು ಹನಿ ಅಯೋಡಿನ್ ಹಾಕಿ. ಕಡುನೀಲಿ ಆದರೆ ಪಿಷ್ಟ ಇದೆ.

"ಅಣ್ಣ, ಇದು ಕುಡಿದರೆ ಶುಗರ್ ಮಾತ್ರೆ ಬಿಡಬಹುದಾ?" ಅಂತ ಫೋನ್ ಬರುತ್ತಲೇ ಇರುತ್ತದೆ. ಬಿಡಬೇಡಿ ಅನ್ನುತ್ತೇನೆ. ಶುಗರ್ ಮತ್ತು ಹೃದಯದ ಅಪಾಯಗಳಿಗೆ ರೀಶಿ ಕೆಲಸ ಮಾಡುತ್ತದಾ ಅಂತ 2015ರಲ್ಲಿ ಕಾಕ್ರೇನ್ ಸಂಸ್ಥೆ ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿತು. ಬಳಸಿ ಅನ್ನುವಷ್ಟು ಆಧಾರ ಸಿಗಲಿಲ್ಲ. ಕ್ಯಾನ್ಸರ್ ವಿಷಯಕ್ಕೆ ಬಂದರೆ, ಜಪಾನಿನಲ್ಲಿ 1977ರಲ್ಲಿ ರೀಶಿಯಲ್ಲದ ಬೇರೊಂದು ಅಣಬೆಯ ಪಿಎಸ್‌ಕೆ ಎಂಬ ಸಾರಕ್ಕೆ ಕ್ಯಾನ್ಸರ್ ಔಷಧವಾಗಿ ಒಪ್ಪಿಗೆ ಸಿಕ್ಕಿತು. ಅದನ್ನೂ ಕೊಡುತ್ತಿದ್ದದ್ದು ಮುಖ್ಯ ಚಿಕಿತ್ಸೆಯ ಜೊತೆಗೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ, ಆಪರೇಷನ್ ಹತ್ತಿರ ಇರುವವರಿಗೆ, ಅಂಗ ಕಸಿ ಆದವರಿಗೆ ನಾನು ರೀಶಿ ಮಾರುವುದಿಲ್ಲ. ಉಳಿದವರಿಗೂ ಮೊದಲು ಡಾಕ್ಟರನ್ನು ಕೇಳಿ ಅಂತ ಹೇಳಿಯೇ ಪೊಟ್ಟಣ ಕೊಡುತ್ತೇನೆ.