ಬಾಯಿಬಿಟ್ಟು ಓದಿ ಬರೆದ ಡಿಸರ್ಟೇಶನ್: ಬೆಲ್‌ಫಾಸ್ಟ್‌ನಲ್ಲಿ ನನ್ನ ಅನುಭವ

ಉತ್ತರ ಐರ್ಲೆಂಡ್‌ನ ಬೆಲ್‌ಫಾಸ್ಟ್‌ಗೆ ಸಾಹಿತ್ಯ ಓದಲು ಹೋಗಿದ್ದೆ. ಇವತ್ತಿನ ಐರಿಶ್ ಕಾದಂಬರಿಗಳನ್ನು ಗಟ್ಟಿಯಾಗಿ ಓದುತ್ತೇನೆ, ಉಸಿರು ನಿಂತಲ್ಲಿ ಪೆನ್ಸಿಲ್ ಗೀಟು ಹಾಕುತ್ತೇನೆ, ಆ ಗೀಟುಗಳ ಮೇಲೇ ಡಿಸರ್ಟೇಶನ್, ಅಂದರೆ ಕೋರ್ಸಿನ ದೊಡ್ಡ ಪ್ರಬಂಧ, ಬರೆಯುತ್ತೇನೆ ಅಂದಾಗ ಯಾರೂ ನಂಬಲಿಲ್ಲ. ಗೈಡ್ ಹುಬ್ಬೇರಿಸಿದರು. ಟ್ರಾಮಾ ಥಿಯರಿ (ಹಿಂಸೆ ಮನಸ್ಸಿಗೆ ಮಾಡಿದ ಗಾಯದ ಕಡೆಯಿಂದ ಸಾಹಿತ್ಯ ನೋಡುವುದು) ಇಟ್ಟುಕೋ, ಸೇಫ್ ಅಂತ ಕ್ಲಾಸ್‌ಮೇಟ್ಸ್ ಹೇಳಿದರು. ಕೊನೆಗೆ ಬಂದದ್ದು 74ರ ಆಸುಪಾಸು. ಅಲ್ಲಿ ನೂರಕ್ಕೆ 70 ಬಂದರೆ ಡಿಸ್ಟಿಂಕ್ಷನ್. ನಮ್ಮ ಬ್ಯಾಚ್‌ನಲ್ಲಿ ಅದು ಒಳ್ಳೆಯ ಮಾರ್ಕು.

ಮೊದಲು ದುಡ್ಡಿನ ಮಾತು. ಫೀಸು, ರೂಮು, ವೀಸಾ ಎಲ್ಲಾ ಸೇರಿ ಹೆಚ್ಚುಕಮ್ಮಿ 30 ಲಕ್ಷ ಆಯಿತು. ಮುಕ್ಕಾಲು ಪಾಲು ಬ್ಯಾಂಕ್ ಸಾಲ. ಸ್ಟೂಡೆಂಟ್ ವೀಸಾದಲ್ಲಿ ಟರ್ಮ್ ನಡೆಯುವಾಗ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ನಾನು ಒಂದು ಕೆಫೆಯ ಅಡುಗೆಮನೆಯಲ್ಲಿ ಅಷ್ಟೂ ಗಂಟೆ ದುಡಿದೆ. ಪುಸ್ತಕಗಳನ್ನು ಚ್ಯಾರಿಟಿ ಅಂಗಡಿಗಳಲ್ಲಿ ಎರಡು ಮೂರು ಪೌಂಡಿಗೆ ತಂದೆ. ಹೊಸ ಪ್ರತಿ ಕೊಂಡದ್ದು ಎರಡೋ ಮೂರೋ ಅಷ್ಟೇ. ಇಷ್ಟು ಸಾಲ ಮಾಡಿ ಹೋದಮೇಲೆ ಬೇರೆಯವರ ಥಿಯರಿ ಒಪ್ಪಿಸಿ ಬರೋಕೆ ನನಗೆ ಮನಸ್ಸು ಒಪ್ಪಲಿಲ್ಲ. ಮೊದಲ ಪ್ರಬಂಧದಲ್ಲಿ ಹಾಗೆ ಒಪ್ಪಿಸಿದ್ದಕ್ಕೆ ಸಿಕ್ಕಿದ್ದು 58.

ಶುರುವಿನಲ್ಲಿ ಈ ವಿಧಾನವೂ ಕೈಕೊಟ್ಟಿತು. ಇಡೀ ಪುಸ್ತಕ ಗಟ್ಟಿಯಾಗಿ ಓದಲು ಹೋದೆ. ಗಂಟೆಗೆ 20 ಪುಟ ದಾಟುವುದಿಲ್ಲ. 300 ಪುಟ ದಾಟಿದ ಕಾದಂಬರಿ, ವಾರಕ್ಕೊಂದು ಸೆಮಿನಾರ್, ಮೇಲೆ ಕೆಫೆ ಕೆಲಸ. ಗಂಟಲು ಕಟ್ಟಿತು, ಪಕ್ಕದ ರೂಮಿನವರು ಗೋಡೆ ಬಡಿದರು. ಆಮೇಲೆ ಆಡಿಯೋಬುಕ್ ಹಿಡಿದೆ. ಅದು ಇನ್ನೂ ಕೆಟ್ಟದ್ದು. ಎಲ್ಲಿ ನಿಲ್ಲಬೇಕು ಅಂತ ಓದುವವರೇ ತೀರ್ಮಾನ ಮಾಡಿಬಿಟ್ಟಿರುತ್ತಾರೆ, ನಮಗೆ ಕೆಲಸವೇ ಉಳಿಯಲ್ಲ. ನನ್ನ ಓದನ್ನೇ ಫೋನಲ್ಲಿ ರೆಕಾರ್ಡ್ ಮಾಡಿ ಕೇಳಿದೆ, ಬರೀ ಟೈಮ್ ಹೋಯಿತು. ಕೊನೆಗೆ ನಿಂತದ್ದು ಇದು: ಮೊದಲ 30 ಪುಟ, ಒಳಗಿನ ಮೂರು ಜಾಗ, ಅಷ್ಟನ್ನೇ ಎರಡು ಸಲ ಗಟ್ಟಿಯಾಗಿ. ಎರಡು ಸಲಕ್ಕೂ ಬೇರೆ ಬೇರೆ ಬಣ್ಣದ ಪೆನ್ಸಿಲ್. ಗೀಟುಗಳು ಎಲ್ಲಿ ಒಂದಕ್ಕೊಂದು ತಾಳೆಯಾಗಲ್ಲವೋ ಅಲ್ಲೇ ಬರೆಯಲು ವಿಷಯ ಇರುತ್ತದೆ. ಆ ಮೂರು ಜಾಗ ಹೇಗೆ ಹುಡುಕುತ್ತೇನೆ ಅನ್ನೋದನ್ನು ಮಾತ್ರ ಇಲ್ಲಿ ಹೇಳಲ್ಲ. ಅದರ ಮೇಲೆ ಒಂದು ಲೇಖನ ಬರೆಯುತ್ತಿದ್ದೇನೆ.

ಇದು ನಿಜವಾಗಿ ಫಲ ಕೊಟ್ಟದ್ದು ಆ್ಯನಾ ಬರ್ನ್ಸ್ ಅವರ 'ಮಿಲ್ಕ್‌ಮ್ಯಾನ್'ನಲ್ಲಿ. 2018ರ ಬುಕರ್ ಪ್ರಶಸ್ತಿ ಪಡೆದ ಕಾದಂಬರಿ. ಉತ್ತರ ಐರ್ಲೆಂಡ್‌ನಲ್ಲಿ ಕ್ಯಾಥೊಲಿಕ್-ಪ್ರಾಟೆಸ್ಟೆಂಟ್ ಕಡೆಗಳ ನಡುವೆ ನಡೆದ ಗಲಭೆಯ ಕಾಲದ ಊರು, ಆದರೆ ಊರಿಗೆ ಹೆಸರಿಲ್ಲ. ಮುಖ್ಯ ಪಾತ್ರಗಳಿಗೂ ಇಲ್ಲ. ನಡು ತಂಗಿ, ಮೂರನೇ ಭಾವ, ಹೀಗೇ ಕರೆಯುತ್ತಾರೆ. ಯಾವ ಹೆಸರು ಇಡಬಾರದು ಅಂತ ಅಲ್ಲಿ ಒಂದು ಪಟ್ಟಿಯೇ ಇದೆ. ಹೆಸರು ಕೇಳಿದರೆ ಯಾವ ಕಡೆಯವರು ಅಂತ ಗೊತ್ತಾಗುವ ಊರು ಅದು. ಸೆಮಿನಾರ್‌ನಲ್ಲಿ ಉಳಿದವರು ಇದನ್ನು ಪ್ರಯೋಗ, ತಂತ್ರ ಅಂತ ಚರ್ಚೆ ಮಾಡುತ್ತಿದ್ದರು. ಮನೆತನದ ಹೆಸರು ಕೇಳಿ ಜಾತಿ ಅಳೆಯುವ ಕಡೆಯಿಂದ ಹೋದವರಿಗೆ ಇದು ತಂತ್ರ ಅನಿಸಲ್ಲ, ಅಲ್ವಾ? ಗಟ್ಟಿಯಾಗಿ ಓದಿದಾಗ ಇನ್ನೊಂದು ಕಂಡಿತು. ಹೆಸರು ಬರಬೇಕಾದ ಜಾಗಕ್ಕೆ ಬಂದಾಗಲೆಲ್ಲ ವಾಕ್ಯ ಸುತ್ತು ಹೊಡೆದು ಉದ್ದವಾಗುತ್ತದೆ. ನನ್ನ ಎರಡು ಬಣ್ಣ ಬೇರೆಯಾದದ್ದು ಬಹುಪಾಲು ಅಲ್ಲೇ.

ಇದನ್ನು ಪರೀಕ್ಷಿಸಲು ಬೆಲ್‌ಫಾಸ್ಟ್‌ನ ಲಿನೆನ್ ಹಾಲ್ ಲೈಬ್ರರಿಗೆ ಹೋದೆ. 1788ರ ಲೈಬ್ರರಿ. ಅಲ್ಲಿ ಉತ್ತರ ಐರ್ಲೆಂಡ್ ರಾಜಕೀಯದ ದೊಡ್ಡ ಸಂಗ್ರಹ ಇದೆ. 1968ರಲ್ಲಿ ಅಲ್ಲಿಯ ಲೈಬ್ರೇರಿಯನ್ ಬಾರ್‌ನಲ್ಲಿ ಕೈಗೆ ಬಂದ ಒಂದು ಕರಪತ್ರ ಎತ್ತಿಟ್ಟುಕೊಂಡದ್ದರಿಂದ ಬೆಳೆದದ್ದು. ಎಪ್ಪತ್ತರ ದಶಕದ ಕರಪತ್ರಗಳನ್ನು ತುಟಿಯಲ್ಲೇ ಓದಿದೆ. ನಾನು ನೋಡಿದ್ದರಲ್ಲಿ ಬೀದಿ, ಪಕ್ಷ, ವ್ಯಕ್ತಿ ಎಲ್ಲಕ್ಕೂ ಹೆಸರು, ಗಿಡ್ಡ ವಾಕ್ಯ, ಎಲ್ಲಿ ಉಸಿರು ಎಳೆಯಬೇಕು ಅನ್ನೋದರಲ್ಲಿ ಅನುಮಾನವೇ ಇಲ್ಲ. ಕಾದಂಬರಿ ಅದಕ್ಕೆ ಸರಿಯಾಗಿ ಉಲ್ಟಾ. ಡಿಸರ್ಟೇಶನ್‌ನ ಎರಡನೇ ಅಧ್ಯಾಯ ಅಲ್ಲೇ ಹುಟ್ಟಿತು. ಗೈಡ್ ಮೊದಲ ಸಲ ಹುಬ್ಬು ಇಳಿಸಿ ಓದಿದ್ದು ಆ ಅಧ್ಯಾಯವನ್ನು.

ಮೈಕ್ ಮೆಕಾರ್ಮಕ್ ಅವರ 'ಸೋಲಾರ್ ಬೋನ್ಸ್' ಇನ್ನೊಂದು ಪಠ್ಯ. ಇಡೀ ಕಾದಂಬರಿಗೆ ಒಂದೇ ವಾಕ್ಯ. ಇದಕ್ಕೆ ನಿನ್ನ ಗೀಟು ನಡೆಯಲ್ಲ ಅಂತ ಕೆಲವರು ಅಂದಿದ್ದರು. ಆದರೆ ಪೂರ್ಣವಿರಾಮ ಇಲ್ಲದಿದ್ದರೂ ಸಾಲು ಮುರಿದಿರುವ ಕಡೆ ಉಸಿರಿಗೆ ಜಾಗ ಇದೆ. ಅಲ್ಲಿ ಎರಡು ಬಣ್ಣ ಚೆನ್ನಾಗಿ ಕೂರುತ್ತವೆ, ಕೂರದ ಕಡೆ ಬರೆಯಲು ವಿಷಯ ಬೇಕಾದಷ್ಟು ಸಿಗುತ್ತದೆ. ಸುಮ್ನೆ ಒಂದು ಮಾತು: 2016ರಲ್ಲಿ ಡಬ್ಲಿನ್‌ನ ಸಣ್ಣ ಪ್ರಕಾಶನ ಟ್ರ್ಯಾಂಪ್ ಪ್ರೆಸ್ ಇದನ್ನು ತಂದಾಗ ಬುಕರ್‌ಗೆ ಕಳಿಸುವಂತಿರಲಿಲ್ಲ, ಪ್ರಕಾಶಕರು ಬ್ರಿಟನ್ನಿನವರಾಗಿರಬೇಕಿತ್ತು. ಬ್ರಿಟಿಷ್ ಆವೃತ್ತಿ ಬಂದ ಮೇಲೆ 2017ರ ಬುಕರ್‌ನ ಮೊದಲ ಸುತ್ತಿನ ಪಟ್ಟಿಗೆ (ಲಾಂಗ್‌ಲಿಸ್ಟ್) ಸೇರಿತು. ಮರುವರ್ಷದಿಂದ ಆ ನಿಯಮವೇ ಬದಲಾಗಿ ಐರ್ಲೆಂಡ್‌ನ ಪ್ರಕಾಶಕರಿಗೂ ಅವಕಾಶ ಸಿಕ್ಕಿತು. ಈ ಥರದ ಎಷ್ಟೋ ಪುಸ್ತಕಗಳನ್ನು ಉಳಿಸಿದವರು ಇಂಥ ಸಣ್ಣ ಪ್ರಕಾಶಕರು. ಇನ್ನೊಬ್ಬ ಐರಿಶ್ ಲೇಖಕಿ ಈಮರ್ ಮೆಕ್‌ಬ್ರೈಡ್ ಅವರ ಮೊದಲ ಕಾದಂಬರಿಯೂ ಪ್ರಕಾಶಕರಿಗಾಗಿ ಸುಮಾರು ಒಂಬತ್ತು ವರ್ಷ ಅಲೆದು 2013ರಲ್ಲಿ ಇಂಗ್ಲೆಂಡಿನ ನಾರಿಚ್‌ನ ಒಂದು ಸಣ್ಣ ಪ್ರೆಸ್‌ನಿಂದ ಬಂತು.

ಐರಿಶ್ ಲೇಖಕಿ ಸ್ಯಾಲಿ ರೂನಿ ಅವರ ಕಾದಂಬರಿ ಮೇಲೂ ಪ್ರಯೋಗ ಮಾಡಿದೆ. 'ನಾರ್ಮಲ್ ಪೀಪಲ್'ನಲ್ಲಿ ಮಾತಿಗೆ ಉದ್ಧರಣ ಚಿಹ್ನೆ ಇಲ್ಲ, ಹಾಗಾಗಿ ಗೀಟು ಜಾಸ್ತಿ ಬೇರೆಯಾಗಬಹುದು ಅಂದುಕೊಂಡೆ. ಆಗಲಿಲ್ಲ. ಎರಡೂ ಬಣ್ಣ ಒಂದರ ಮೇಲೊಂದು ಕೂತವು. ರೂನಿ ಮೇಲಿನ ಪ್ರಬಂಧವನ್ನು ಥಿಯರಿಯ ಹಳೇ ದಾರಿಯಲ್ಲೇ ಬರೆದೆ, 62 ಬಂತು. ಈ ವರ್ಷ ಹೋಗುವವರು 'ಸೋಲಾರ್ ಬೋನ್ಸ್'ನ ಮೊದಲ ಹತ್ತು ಪುಟದಿಂದ ಶುರು ಮಾಡಿ. ಪೆನ್ಸಿಲ್ ಮೆತ್ತಗಿನದು ಇರಲಿ, ಲೈಬ್ರರಿ ಪ್ರತಿಗೆ ಗೀಟು ಹಾಕಬೇಡಿ, ಆ ಪುಟಗಳನ್ನು ಜೆರಾಕ್ಸ್ ಮಾಡಿಸಿಕೊಳ್ಳಿ.